ಐದು ಮನೆಯ ಕಾಲಮ್

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಕೊಡುವ ಕಿಟಕಿ ನನ್ನದು. ಆಚೆಯಿಂದ ಟೋಕನ್ ಬರುತ್ತದೆ, ಈಚೆಯಿಂದ ಕಾಗದ ಹೋಗುತ್ತದೆ. ಇಪ್ಪತ್ತಮೂರು ವರ್ಷದಿಂದ ಇಷ್ಟೇ ಕೆಲಸ. ಕಾಗದದಲ್ಲಿ ಏನಿದೆ ಎಂದು ನಾನು ಓದುವ ಹಾಗಿಲ್ಲ; ಓದುವುದಿಲ್ಲ ಎಂದರೆ ನೀವು ನಂಬುವುದೂ ಇಲ್ಲ. ಹೇಳಹೊರಟಿರುವುದು ನನ್ನ ಕಥೆಯಲ್ಲ, ನನ್ನ ಬೆನ್ನ ಹಿಂದಿನ ಪ್ಲೈವುಡ್ ಗೋಡೆಯಾಚೆ ಹದಿನೇಳು ವರ್ಷ ಕೂತಿದ್ದ ನೇರಕ್ಕನ ಕಥೆ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಲ್ಯಾಬಿನ ಮುಖ್ಯಸ್ಥರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ನೇರಕ್ಕ. ಯಾವುದು ಸೊಟ್ಟಗಿದ್ದರೂ ಅವಳಿಗೆ ಆಗುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರ್ ಒಂದು ಬೆರಳು ವಾಲಿದ್ದರೆ, ಮಾತಾಡುತ್ತಿದ್ದವಳು ಮಾತು ನಿಲ್ಲಿಸಿ ಎದ್ದು ಹೋಗಿ ಸರಿ ಮಾಡಿ ಬಂದು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ನನ್ನ ಮೇಜಿನ ಮೇಲಿನ ಸ್ಟೇಪ್ಲರ್, ರಬ್ಬರ್ ಸ್ಟಾಂಪು, ನೀರಿನ ಬಾಟಲಿ ಮೂರನ್ನೂ ಎಷ್ಟೋ ಸಲ ಸಾಲಾಗಿ ನಿಲ್ಲಿಸಿ ಹೋಗಿದ್ದಾಳೆ. ನಾನು ಬೇಕಂತಲೇ ಬಾಟಲಿಯನ್ನು ಆಚೆ ತಳ್ಳುತ್ತಿದ್ದೆ. ಅವಳನ್ನು ಕೆಣಕುವುದರಲ್ಲಿ ನನಗೊಂದು ಸುಖವಿತ್ತು, ಸುಳ್ಳು ಯಾಕೆ ಹೇಳಲಿ.

ಲ್ಯಾಬಿನ ಯಂತ್ರಗಳು ಸಂಖ್ಯೆಗಳನ್ನು ಉಗುಳುತ್ತವೆ. ತಲೆಬುಡವಿಲ್ಲದೆ, ಒಂದರ ಬೆನ್ನಿಗೊಂದು ಅಂಟಿಕೊಂಡು ಬರುವ ಸಂಖ್ಯೆಗಳು. ಅವನ್ನು ಮನುಷ್ಯರು ಓದುವ ಕಾಗದವಾಗಿ ಮಾಡುವ ಪ್ರೋಗ್ರಾಂ ಅವಳದು. ಎಡಗಡೆ ಪರೀಕ್ಷೆಯ ಹೆಸರು, ಆಮೇಲೆ ಬಂದ ಸಂಖ್ಯೆ, ಅದರ ಪಕ್ಕ ಇರಬೇಕಾದ ಸಂಖ್ಯೆ. ದಶಮಾಂಶದ ಚುಕ್ಕೆಗಳೆಲ್ಲ ಒಂದರ ಕೆಳಗೊಂದು, ದಾರ ಹಿಡಿದು ಇಟ್ಟ ಹಾಗೆ. ಮೇಲಿನ ವಾರ್ಡುಗಳಲ್ಲಿ ಡಾಕ್ಟರುಗಳು ನಡೆಯುತ್ತಲೇ ಕಾಗದದ ಮೇಲೆ ಬೆರಳು ಜಾರಿಸಿ ಓದುತ್ತಿದ್ದರು, ಬೆರಳು ಎಲ್ಲೂ ಎಡವುತ್ತಿರಲಿಲ್ಲ. ಬೇರೆ ಆಸ್ಪತ್ರೆಯಿಂದ ಬಂದ ಡಾಕ್ಟರೊಬ್ಬರು ಒಮ್ಮೆ ಕೆಳಗೆ ಬಂದು, ಇಷ್ಟು ಚೆನ್ನಾದ ರಿಪೋರ್ಟ್ ಯಾರು ಮಾಡುತ್ತಾರೆ ಎಂದು ಕೇಳಿದರು. ನಾನು ಪ್ಲೈವುಡ್ ಕಡೆ ಕೈ ತೋರಿಸಿದೆ. ನೇರಕ್ಕ ಆಚೆ ಬರಲಿಲ್ಲ. ನಾಚಿಕೆ.

ಅವಳು ಬರೆಯುತ್ತಿದ್ದ ಕಂಪ್ಯೂಟರ್ ಭಾಷೆ ಆ ಕಟ್ಟಡದಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಫಂಕ್ಷನ್‌ಗಳನ್ನು, ಅಂದರೆ ಒಂದೊಂದೇ ಕೆಲಸ ಮಾಡುವ ಪುಟ್ಟ ಸೂತ್ರಗಳನ್ನು, ಒಂದಕ್ಕೊಂದು ಪೋಣಿಸುವ ಭಾಷೆಯಂತೆ ಅದು. ಹೊಸದಾಗಿ ಸೇರಿದ ಕಂಪ್ಯೂಟರಿನವರು ಅವಳ ಪರದೆ ನೋಡಿ, ಸೊನ್ನೆ ಚುಕ್ಕೆ ಬಾಣ ಬಿಟ್ಟರೆ ಇದರಲ್ಲಿ ಏನಿದೆ ಎಂದು ತಲೆ ಕೆರೆದುಕೊಂಡು ಹೋಗುತ್ತಿದ್ದರು. ಟೀ ಸಮಯದಲ್ಲಿ ನನಗೆ ಅರ್ಥ ಮಾಡಿಸಲು ನೋಡಿದಳು.

“ಇದರಲ್ಲಿ ಅದು ಮಾಡು, ಇದು ಮಾಡು ಅಂತ ಹೇಳೋದಿಲ್ಲ ಅಣ್ಣ. ಇದು ಅಂದ್ರೆ ಇದು ಅಂತ ಹೇಳೋದು ಅಷ್ಟೆ. ಒಂದು ಫಂಕ್ಷನ್‌ಗೆ ಒಂದೇ ಕೆಲಸ. ಅದು ಕೊಟ್ಟಿದ್ದನ್ನ ಇನ್ನೊಂದು ಇಸ್ಕೊಳ್ಳತ್ತೆ. ಇವತ್ತು ಕೊಟ್ಟಿದ್ದನ್ನೇ ಹತ್ತು ವರ್ಷ ಬಿಟ್ಟು ಕೊಟ್ರೂ ಅದೇ ಉತ್ತರ. ಸಿಟ್ಟಿಲ್ಲ, ಮರೆವಿಲ್ಲ.”

“ಹಾಗಾದ್ರೆ ಇದನ್ನೇ ಮದುವೆ ಆಗ್ಬಿಡು,” ಎಂದೆ.

“ಕೇಳಿದ್ರೆ ಒಪ್ಪತ್ತೆ. ನಿಮ್ಮ ಥರ ಬಾಟಲಿ ಸೊಟ್ಟಗೆ ಇಡಲ್ಲ.”

ಆ ಪ್ರೋಗ್ರಾಮಿನಲ್ಲಿ ಒಂದು ಸಾಲು ಅವಳಿಗೆ ಪ್ರಾಣ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬರೆದದ್ದು. ಸಂಖ್ಯೆಗಳನ್ನು ಬಲಕ್ಕೆ ಒತ್ತಿ ನಿಲ್ಲಿಸುವ ಸಾಲು. ನನಗೆ ಎಷ್ಟು ಸಲ ವಿವರಿಸಿದ್ದಾಳೆಂದರೆ ಇವತ್ತು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಸಂಖ್ಯೆಯನ್ನು ಹಿಂದುಮುಂದಾಗಿ ತಿರುಗಿಸು. ಅದರ ಬಾಲಕ್ಕೆ ಖಾಲಿ ಮನೆಗಳನ್ನು, ಅಂದರೆ ಒಂದೊಂದು ಅಕ್ಷರದ ಜಾಗಗಳನ್ನು, ಜೋಡಿಸು, ಮುಗಿಯದಷ್ಟು. ಅದರಲ್ಲಿ ಮೊದಲ ಐದು ಮನೆ ತೆಗೆದುಕೋ. ಮತ್ತೆ ತಿರುಗಿಸು. ಒಂದಂಕಿ ಇರಲಿ, ಮೂರಂಕಿ ಇರಲಿ, ಎಲ್ಲವೂ ಐದು ಮನೆಯ ಅಗಲದಲ್ಲಿ ಬಲಗಡೆಗೆ ಒರಗಿ ನಿಲ್ಲುತ್ತವೆ.

“ಮುಗಿಯದಷ್ಟು ಜೋಡಿಸ್ತಾ ಕೂತ್ರೆ ರಿಪೋರ್ಟ್ ಬರೋದು ಯಾವಾಗ?” ಎಂದು ನಾನು ಕೇಳಿದ್ದುಂಟು.

“ಇದು ಸೋಮಾರಿ ಭಾಷೆ. ಕೇಳಿದಷ್ಟೇ ಮಾಡತ್ತೆ. ಐದು ಸಾಕು ಅಂದ್ರೆ ಐದಕ್ಕೇ ನಿಂತ್ಕೊಳ್ಳತ್ತೆ.”

“ನಮ್ಮ ಆಡಳಿತ ವಿಭಾಗದ ಥರ.”

“ಅವರು ಕೇಳಿದಷ್ಟೂ ಮಾಡಲ್ಲ,” ಎಂದಳು.

ಐದೇ ಯಾಕೆ ಎಂದರೆ, ಚುಕ್ಕೆಯೂ ಒಂದು ಮನೆ ಹಿಡಿಯುತ್ತದೆ. ಚುಕ್ಕೆಗೆ ಮುಂಚೆ ಮೂರಂಕಿ, ಆಮೇಲೆ ಒಂದು. ನಮ್ಮ ಹಳೆಯ ಯಂತ್ರ ಒಂಬೈನೂರ ತೊಂಬತ್ತೊಂಬತ್ತು ದಾಟಿ ಅಳೆಯುತ್ತಲೇ ಇರಲಿಲ್ಲ. ದಾಟಿದರೆ ಕೆಂಪು ದೀಪ ಹಚ್ಚಿ ನಿಂತುಬಿಡುತ್ತಿತ್ತು, ಟೆಕ್ನಿಷಿಯನ್ ಬೇರೆ ವಿಧಾನದಲ್ಲಿ ಲೆಕ್ಕ ಹಾಕಿ ಕೈಯಲ್ಲಿ ಬರೆದುಕೊಡುತ್ತಿದ್ದರು. ಐದು ಸಾಕು ಎಂದು ಮುಖ್ಯಸ್ಥರೇ ಸಹಿ ಹಾಕಿದ್ದರು. ಇದಿಷ್ಟು ತಿಳಿದಿದ್ದರೆ ಮುಂದಿನದ್ದು ಅರ್ಥವಾಗುತ್ತದೆ.

ನೇರಕ್ಕನ ಮನೆ ಆಸ್ಪತ್ರೆಯಿಂದ ಎರಡು ಬೀದಿ ಆಚೆ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆ. ಅಂಗಡಿ ಅವಳ ಅಕ್ಕನದು. ಈ ಅಕ್ಕನಿಗೆ ನಾವು ದೊಡ್ಡಕ್ಕ ಎನ್ನುತ್ತಿದ್ದೆವು, ಇಬ್ಬರ ನಡುವೆ ಹದಿನೈದು ವರ್ಷದ ಅಂತರ. ತಂದೆ ತಾಯಿ ಬೇಗ ಹೋದರು. ದೊಡ್ಡಕ್ಕ ಶಾಲೆ ಬಿಟ್ಟು ಮಿಷನ್ ತುಳಿದು ತಂಗಿಯನ್ನು ಓದಿಸಿದರು. ಮದುವೆ ಮಾತು ಬಂದಾಗ, ತಂಗಿ ನನ್ನ ಜೊತೆಗೇ ಇರುತ್ತಾಳೆ ಎಂದು ಮೊದಲೇ ಹೇಳಿ ಒಪ್ಪಿದವರನ್ನು ಮಾಡಿಕೊಂಡರು. ಒಪ್ಪಿದವರು ಬೀಗ ರಿಪೇರಿಯವರು, ಇವಳಿಗೆ ಭಾವ. ದಿನಕ್ಕೆ ಲೆಕ್ಕ ಹಾಕಿ ಹತ್ತು ಮಾತಾಡುವ ಮನುಷ್ಯ. ಅಕ್ಕತಂಗಿಯರ ಮಧ್ಯೆ ಹನ್ನೊಂದನೆಯ ಮಾತಿಗೆ ಜಾಗವೂ ಇರಲಿಲ್ಲ ಬಿಡಿ.

ಹೋದ ವರ್ಷ ದೊಡ್ಡಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಮೂರು ಸುತ್ತು ಡ್ರಿಪ್ ಆಯಿತು, ಕೂದಲು ಹೋಯಿತು. ಉಳಿದ ಗೆಡ್ಡೆ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂದು ರಕ್ತದಲ್ಲಿ ಒಂದು ಪರೀಕ್ಷೆಯಿಂದ ಅಂದಾಜು ಸಿಗುತ್ತದೆ. ಮೂವತ್ತೈದರ ಒಳಗಿರಬೇಕಾದ ಸಂಖ್ಯೆ ದೊಡ್ಡಕ್ಕನಿಗೆ ಆರುನೂರ ನಲವತ್ತಿತ್ತು. ಗೆಡ್ಡೆಯ ಡಾಕ್ಟರು ಮೂರು ವಾರ ಹೊರದೇಶಕ್ಕೆ ಹೋಗುವವರಿದ್ದರು. ಹೋಗುವ ಮುಂಚೆ ಫೈಲಿನ ಮೇಲೆ ಬರೆದಿಟ್ಟರು: ಸೋಮವಾರದ ಸಂಖ್ಯೆ ಆರುನೂರ ನಲವತ್ತಕ್ಕಿಂತ ಮೇಲಿದ್ದರೆ ಅವತ್ತೇ ವಾರ್ಡಿಗೆ ಸೇರಿಸಿ ಹೊಸ ಔಷಧದ ಸುತ್ತು ಶುರು ಮಾಡಿ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ದೇಹಕ್ಕೆ ವಿಶ್ರಾಂತಿ ಕೊಡಿ, ಆರು ವಾರ ಬಿಟ್ಟು ನೋಡೋಣ. ವಾರ್ಡಿನಲ್ಲಿ ಹಾಸಿಗೆ ಕಾದಿರಿಸಿ, ಚೀಲವನ್ನೂ ಕಟ್ಟಿಟ್ಟು, ಎಲ್ಲರೂ ಸೋಮವಾರಕ್ಕೆ ಕಾದರು.

ಸೋಮವಾರ ಟೋಕನ್ ಹಿಡಿದು ಭಾವ ಬಂದರು. ಪ್ರಿಂಟರಿನಿಂದ ಕಾಗದ ಎಳೆದುಕೊಂಡವನು ನಾನು. ಓದಿದವನೂ ನಾನು. 212.4. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ಅಂಕಿಗಳು ಸಾಲು ತಪ್ಪದೆ, ಚುಕ್ಕೆಯ ಕೆಳಗೆ ಚುಕ್ಕೆ ಇಟ್ಟುಕೊಂಡು ನಿಂತಿದ್ದವು. “ಇಳಿದಿದೆ,” ಎಂದು ಗಾಜು ಬಡಿದೆ. ಅಷ್ಟು ದೊಡ್ಡ ದನಿಯಲ್ಲಿ ಆ ಕಿಟಕಿಯಲ್ಲಿ ಯಾರೂ ಯಾವತ್ತೂ ಮಾತಾಡಿರಲಿಕ್ಕಿಲ್ಲ. ಪ್ಲೈವುಡ್ ಹಿಂದಿನಿಂದ ನೇರಕ್ಕ ಓಡಿ ಬಂದಳು, ನನ್ನ ಕೈಯಿಂದ ಕಾಗದ ಕಿತ್ತುಕೊಂಡು ನೋಡಿದಳು, ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಭಾವ ಆಚೆ ಗಾಜಿಗೆ ಹಣೆ ಒತ್ತಿ ನಿಂತಿದ್ದರು. ವಾರ್ಡಿನ ನರ್ಸ್ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹಾಸಿಗೆಯ ಪಟ್ಟಿಯಲ್ಲಿ ದೊಡ್ಡಕ್ಕನ ಹೆಸರಿಗೆ ಗೆರೆ ಎಳೆದರು. ಮಧ್ಯಾಹ್ನದೊಳಗೆ ಆ ಹಾಸಿಗೆಗೆ ಬೇರೆಯವರು ಬಂದರು.

ಆರು ವಾರ ಹೇಗೆ ಕಳೆದರು ಎಂದರೆ, ನಾನು ಆ ಅಂಗಡಿಯ ಮುಂದೆ ಹೋದಾಗಲೆಲ್ಲ ಮಿಷನ್ ಓಡುವ ಸದ್ದು ಕೇಳುತ್ತಿತ್ತು. ದೊಡ್ಡಕ್ಕ ಒಂದು ಶಾಲೆಯ ನಲವತ್ತು ಕೋಟುಗಳ ಕೆಲಸ ಹಿಡಿದಿದ್ದರು. ತಲೆಯ ಮೇಲೆ ಕೂದಲು ಒಂದಂಗುಲ ಬಂದಿತ್ತು, ಬ್ರಷ್ ಥರ ಇದೆ, ಮುಟ್ಟಿ ನೋಡು ಎಂದು ಬಂದವರಿಗೆಲ್ಲ ತಲೆ ಬಗ್ಗಿಸುತ್ತಿದ್ದರು. ನನ್ನ ಎರಡು ಪ್ಯಾಂಟುಗಳನ್ನು ಸೊಂಟದಲ್ಲಿ ಬಿಡಿಸಿಕೊಟ್ಟರು. “ಹೊಲಿಗೆ ಒಳಗೆ ಬಟ್ಟೆ ಬಿಟ್ಟಿರ್ತೀನಿ, ಆದ್ರೂ ಇದೇ ಕೊನೆ. ಇನ್ನು ಹೊಟ್ಟೆ ಬಂದ್ರೆ ಪರದೆ ಬಟ್ಟೆ ತಗೊಂಡು ಬಾ,” ಎಂದರು. ಸಂಜೆ ಹೊತ್ತು ಬೆನ್ನು ನೋಯುತ್ತದೆ ಎನ್ನುತ್ತಿದ್ದರು. ನಲವತ್ತು ಕೋಟು ಹೊಲಿದರೆ ಬೆನ್ನು ನೋಯದೆ ಇನ್ನೇನಾಗುತ್ತದೆ ಎಂದು ನಾವೇ ಸಮಾಧಾನ ಮಾಡಿಕೊಂಡೆವು.

ಆರು ವಾರದ ನಂತರದ ಸೋಮವಾರ ನೇರಕ್ಕನಿಗೆ ತಡೆಯಲಾಗಲಿಲ್ಲ. ಅವಳು ರೋಗಿಗಳ ಸಂಖ್ಯೆಗಳನ್ನು ನೋಡುವವಳೇ ಅಲ್ಲ. ಪ್ರೋಗ್ರಾಂ ಸರಿಯಿದೆಯೋ ನೋಡಲು ತಾನೇ ಹುಟ್ಟಿಸಿದ ಸುಳ್ಳು ಸಂಖ್ಯೆಗಳನ್ನು ಬಳಸುತ್ತಿದ್ದಳು. ಅವತ್ತು ಮಾತ್ರ, ಕಾಗದ ಬರಲು ಇನ್ನೂ ಒಂದು ಗಂಟೆ ಇರುವಾಗ, ಯಂತ್ರ ಕಳಿಸಿದ ಕಡತವನ್ನೇ ತೆರೆದು ಅಕ್ಕನ ಸಾಲು ಹುಡುಕಿದಳು.

“ಅಣ್ಣ, ಒಂದು ನಿಮಿಷ ಬನ್ನಿ,” ಎಂದು ಕರೆದಳು. ಹನ್ನೊಂದು ಗಂಟೆ ಇರಬೇಕು, ಕಿಟಕಿಯಲ್ಲಿ ಸಾಲು ಇತ್ತು. ದನಿ ಕೇಳಿ ನಾನು ಕಿಟಕಿ ಮುಚ್ಚಿದೆ ಎನ್ನುವ ಫಲಕ ತಿರುಗಿಸಿಟ್ಟು ಒಳಗೆ ಹೋದೆ.

ಪರದೆಯ ಎಡಗಡೆ ಯಂತ್ರದ ಕಡತ. ದೊಡ್ಡಕ್ಕನ ಹೆಸರು, ಪಕ್ಕದಲ್ಲಿ 1874.6. ಬಲಗಡೆ, ಅಚ್ಚಿಗೆ ಹೋಗಲಿರುವ ಕಾಗದ. ಅದೇ ಹೆಸರು, 874.6.

“ಯಾವುದು ಸರಿ?” ಎಂದೆ.

ಅವಳು ಪ್ರೋಗ್ರಾಂ ಇನ್ನೊಮ್ಮೆ ಓಡಿಸಿದಳು. 874.6. ಮತ್ತೆ ಓಡಿಸಿದಳು. 874.6. ಏಳು ಸಲ ಓಡಿಸಿದ್ದನ್ನು ನಾನು ಎಣಿಸಿದೆ. ಬೇರೆ ಉತ್ತರ ಬರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕಟ್ಟಡದಲ್ಲಿ ಇರಲಿಲ್ಲ, ಆದರೂ ಓಡಿಸಿದಳು. ಆಮೇಲೆ ಆರು ವಾರದ ಹಿಂದಿನ ತಾರೀಕು ಹಾಕಿ ಹಳೆಯ ಕಡತ ತೆಗೆದಳು. ಅದರಲ್ಲಿ 1212.4 ಎಂದಿತ್ತು.

“ಐದೇ ಮನೆ ತಗೋ ಅಂತ ಬರೆದಿದ್ದೆ ಅಣ್ಣ. ಆರು ಮನೆ ಬಂತು. ಐದು ತಗೊಂಡು ಮೊದಲನೇದನ್ನ ಬಿಟ್ಟುಬಿಡ್ತು. ತಪ್ಪು ಅಂತ ಒಂದು ಮಾತೂ ಹೇಳ್ಲಿಲ್ಲ. ಹೇಳು ಅಂತ ನಾನು ಬರೆದೇ ಇರ್ಲಿಲ್ಲ.”

ಎಂಟು ತಿಂಗಳ ಹಿಂದೆ ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು. ಅದು ರಕ್ತವನ್ನು ತಾನೇ ತೆಳುಮಾಡಿಕೊಂಡು ಹತ್ತು ಸಾವಿರದ ತನಕ ಅಳೆಯುತ್ತದೆ, ಕೆಂಪು ದೀಪದ ಗೊಡವೆಯೇ ಇಲ್ಲ. ಈ ವಿಷಯದ ಸುತ್ತೋಲೆ ಡಾಕ್ಟರುಗಳಿಗೆ ಹೋಯಿತು, ನರ್ಸುಗಳಿಗೆ ಹೋಯಿತು, ಔಷಧದ ಅಂಗಡಿಗೂ ಹೋಯಿತಂತೆ. ಪ್ಲೈವುಡ್ ಹಿಂದೆ ಕೂತವಳಿಗೆ ಹೋಗಲಿಲ್ಲ. ಕಾಗದ ಸರಿಯಾಗಿ ಬರುತ್ತಿರುವ ತನಕ ಅದನ್ನು ಮಾಡುವವರು ಒಬ್ಬರಿದ್ದಾರೆ ಎನ್ನುವುದು ಯಾರ ನೆನಪಿಗೆ ಬರುತ್ತದೆ ಹೇಳಿ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ನೇರಕ್ಕ ಸುತ್ತೋಲೆಯ ಮಾತು ಎತ್ತಲೇ ಇಲ್ಲ. ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು: ಆ ಕಾಲಮಿನಲ್ಲಿ ಎಲ್ಲಕ್ಕಿಂತ ಉದ್ದದ ಸಂಖ್ಯೆ ಯಾವುದೋ ಅಷ್ಟು ಅಗಲ ಕೊಡು ಎಂದು ಬರೆಯುವುದು. ಹದಿನೇಳು ವರ್ಷದ ಹಿಂದೆಯೇ ಹಾಗೆ ಬರೆಯಬಹುದಿತ್ತು, ಗೊತ್ತೂ ಇತ್ತು.

“ಹಾಗೆ ಬರೆದ್ರೆ ಒಂದೊಂದು ದಿನ ಒಂದೊಂದು ಅಗಲ ಆಗತ್ತೆ. ಚೆನ್ನಾಗಿ ಕಾಣಲ್ಲ ಅಂತ ಬಿಟ್ಟೆ,” ಎಂದಳು. “ಚೆನ್ನಾಗಿ ಕಾಣಲ್ಲ ಅಂತ ಅಣ್ಣ.”

ಅಳಲಿಲ್ಲ ಅವಳು. ಅತ್ತಿದ್ದರೆ ನೀರಾದರೂ ತಂದುಕೊಡುತ್ತಿದ್ದೆ.

ಆಮೇಲೆ ಎಂಟು ತಿಂಗಳ ಕಡತಗಳನ್ನೆಲ್ಲ ತೆಗೆದು ಜಾಲಾಡಿದಳು. ಮೊದಲಂಕಿ ಬಿದ್ದುಹೋದವರು ಒಟ್ಟು ಹನ್ನೊಂದು ಜನ, ದೊಡ್ಡಕ್ಕನೂ ಸೇರಿ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಏಳು ಜನ ವಾರ್ಡಿನಲ್ಲೇ ಇದ್ದವರು, ಅವರ ಡಾಕ್ಟರುಗಳು ಯಂತ್ರದ ಸಂಖ್ಯೆಯನ್ನು ನೇರ ಪರದೆಯಲ್ಲೇ ನೋಡಿದ್ದರಿಂದ ತೊಂದರೆಯಾಗಿರಲಿಲ್ಲ. ಇಬ್ಬರಿಗೆ ಇನ್ನೊಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಒಬ್ಬರ ವಿಳಾಸದಲ್ಲಿ ಯಾರೂ ಇರಲಿಲ್ಲ. ಹೆಸರು, ಕೊಟ್ಟ ಸಂಖ್ಯೆ, ನಿಜವಾದ ಸಂಖ್ಯೆ ಎಂದು ಪಟ್ಟಿ ಮಾಡಿ, ಕೆಳಗೆ ‘ಇದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟಳು. ಅವರು ಓದಿದರು, ಬೆವರಿದರು, ಸುತ್ತೋಲೆಯ ಕಡತ ತರಿಸಿ ನೋಡಿದರು. “ಸದ್ಯಕ್ಕೆ ನೀವು ಪ್ರೋಗ್ರಾಂ ಮುಟ್ಟಬೇಡಿ,” ಎಂದರು. ಆ ಐದರ ಕೆಳಗೆ ಅವರ ಸಹಿಯೂ ಇತ್ತು, ಪಾಪ. ಪಾಪ ಎಂದದ್ದು ತಡವಾಗಿ, ಅವತ್ತು ನಾನು ಬಾಯಿಗೆ ಬಂದಂತೆ ಬೈದಿದ್ದೆ.

ಗೆಡ್ಡೆಯ ಡಾಕ್ಟರನ್ನು ನೇರಕ್ಕ ಕಾರಿಡಾರಿನಲ್ಲೇ ಹಿಡಿದಳು. ಅವರು ಎರಡು ಸಂಖ್ಯೆಗಳನ್ನೂ ನೋಡಿದರು.

“ಅವತ್ತೇ ಶುರು ಮಾಡಿದ್ರೆ ಏನಾಗ್ತಿತ್ತು ಸರ್?”

“ಹೇಳೋಕಾಗಲ್ಲ. ಆ ಔಷಧಿ ನಾಲ್ಕು ಜನರಲ್ಲಿ ಒಬ್ಬರಿಗೆ ಹಿಡಿಯತ್ತೆ.”

“ಆ ಒಬ್ಬರು ನಮ್ಮಕ್ಕ ಆಗಿದ್ರೆ?”

“ಅದನ್ನ ಈಗ ನೋಡೋ ದಾರಿ ಇಲ್ಲಮ್ಮ.”

ಅವಳು ಇಡೀ ಆಯಸ್ಸನ್ನು ಕಳೆದದ್ದು ಬೇರೆ ಥರದ ಲೋಕದಲ್ಲಿ. ಅಲ್ಲಿ ಅನುಮಾನ ಬಂದರೆ ಇನ್ನೊಂದು ಸಂಖ್ಯೆ ಕೊಟ್ಟು ಓಡಿಸಿ ನೋಡಬಹುದು. ಇಲ್ಲಿ ಆರು ವಾರ ಹೋಗಿಬಿಟ್ಟಿತ್ತು.

ಅವತ್ತು ಮಧ್ಯಾಹ್ನ ಮನೆಗೆ ಹೋಗುವಾಗ ನನ್ನನ್ನೂ ಕರೆದಳು, ಒಬ್ಬಳೇ ಹೋದರೆ ಬಾಯಿ ಬರುವುದಿಲ್ಲ ಎಂದು. ಅಂಗಡಿಯಲ್ಲಿ ದೊಡ್ಡಕ್ಕ ಕೋಟಿನ ಕಾಲರು ತಿರುಗಿಸುತ್ತಿದ್ದರು. ಭಾವ ಮೂಲೆಯಲ್ಲಿ ಬೀಗ ಬಿಚ್ಚಿಕೊಂಡು ಕೂತಿದ್ದರು. ನೇರಕ್ಕ ನಿಂತೇ ಹೇಳಿದಳು, ಶುರುವಿನಿಂದ ಕೊನೆಯ ತನಕ, ಒಂದು ಮಾತೂ ಆಚೀಚೆ ಮಾಡದೆ. ದೊಡ್ಡಕ್ಕ ಕಾಲರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು.

“ಅಂದ್ರೆ ಇಳಿದೇ ಇರ್ಲಿಲ್ಲ.”

“ಇಲ್ಲ ಅಕ್ಕ.”

“ಎರಡರಷ್ಟಾಗಿತ್ತು.”

“ಹೂಂ.”

“ಆ ಮುಂದಿನ ಒಂದನ್ನ ಕತ್ತರಿಸಿದ್ಯಲ್ಲ, ಅದು ಎಲ್ಲಿ ಬಿತ್ತು? ಎಲ್ಲಾದರೂ ಬಿದ್ದಿರಬೇಕಲ್ಲ. ಯಾರಿಗೂ ಕಾಣ್ಲಿಲ್ವಾ?”

ಮೂವತ್ತು ವರ್ಷದಿಂದ ದಿನಾ ಸಂಜೆ ಅಂಗಡಿಯ ನೆಲದಿಂದ ಬಟ್ಟೆ ಚೂರು ಗುಡಿಸಿದವರ ಪ್ರಶ್ನೆ ಅದು. “ಎಲ್ಲೂ ಬೀಳಲ್ಲ ಅಕ್ಕ,” ಎಂದಳು ನೇರಕ್ಕ. “ಇಲ್ಲದೇ ಹೋಗತ್ತೆ.”

ದೊಡ್ಡಕ್ಕ ಕಾಲರನ್ನು ಅರ್ಧ ಮುಗಿದ ಕೋಟುಗಳ ರಾಶಿಯ ಮೇಲೆ ಹಾಕಿದರು. ಆಮೇಲೆ ಕೇಳಿದರು, “ಇದು ಯಾರ್ಯಾರಿಗೆ ಗೊತ್ತು?”

“ಎಲ್ಲರಿಗೂ. ಬರೆದುಕೊಟ್ಟು ಬಂದೆ. ಬೇರೆಯವರದ್ದೂ ಇತ್ತು ಅಕ್ಕ, ಹತ್ತು ಜನರದ್ದು.”

“ನಿನ್ನ ಹೆಸರು ಹಾಕಿ ಕೊಟ್ಯಾ?”

“ಹೂಂ.”

“ನಿನ್ನ ಕೆಲಸ ಹೋಗತ್ತೆ. ನಾನಿಲ್ಲದೇ ಹೋದ್ಮೇಲೆ ನಿನಗೆ ಇನ್ಯಾರಿದ್ದಾರೆ ಅಂತ ಬರೆದುಕೊಟ್ಟೆ?” ದನಿ ಏರಲಿಲ್ಲ. “ಆರು ವಾರ ನನ್ನದು ಹೋಯ್ತು, ಹೋಗ್ಲಿ. ನೀನಾದ್ರೂ ಒಂದು ನೆಲೆಯಲ್ಲಿ ಇದ್ದೀಯ ಅಂದ್ಕೊಂಡಿದ್ದೆ. ಅದನ್ನೂ ಕಳ್ಕೊಂಡು ಬಂದ್ಯಾ. ಹೋಗು, ನನ್ನ ಎದುರಿಗೆ ನಿಂತ್ಕೋಬೇಡ.”

ನೇರಕ್ಕ ಹೋಗಲಿಲ್ಲ. ದೊಡ್ಡಕ್ಕ ಮುಖ ಆಚೆ ತಿರುಗಿಸಿದರು. ಭಾವ ಎದ್ದು ಬಂದು ಇಬ್ಬರ ಮಧ್ಯೆ ನಿಂತರು. ನಾನು ಚಪ್ಪಲಿ ಹಾಕಿಕೊಂಡು ಕಳ್ಳನ ಹಾಗೆ ಹೊರಬಿದ್ದೆ.

ಮಾರನೆಯ ದಿನ ದೊಡ್ಡಕ್ಕ ವಾರ್ಡಿಗೆ ಸೇರಿದರು. ಹೊಸ ಔಷಧ ಶುರುವಾಯಿತು. ತಂಗಿ ನೋಡಲು ಹೋದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದರು. ಎರಡು ದಿನ ಹಾಗಾದ ಮೇಲೆ ನೇರಕ್ಕ ಬಾಗಿಲ ತನಕ ಹೋಗಿ ನರ್ಸಿನಲ್ಲಿ ವಿಚಾರಿಸಿ ಬರತೊಡಗಿದಳು. ಕೆಲಸ ಹೋಗಲಿಲ್ಲ, ಆದರೆ ಪ್ರೋಗ್ರಾಮನ್ನು ಹೊರಗಿನವರಿಗೆ ಕೊಟ್ಟು, ಇವಳನ್ನು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದರು. ಹೊಸಬರು ಅವಳ ಸಾಲುಗಳನ್ನೆಲ್ಲ ಅಳಿಸಿ ತಮ್ಮ ಭಾಷೆಯಲ್ಲಿ ಬರೆದರು. ಕಾಗದಗಳು ಈಗ ಸ್ವಲ್ಪ ಸೊಟ್ಟಗೇ ಬರುತ್ತವೆ. ಅವಳು ನೋಡುತ್ತಾಳೆ, ಏನೂ ಅನ್ನುವುದಿಲ್ಲ. ನನ್ನ ಬಾಟಲಿ ಎಲ್ಲಿ ಇಟ್ಟರೂ ಅಲ್ಲೇ ಇರುತ್ತದೆ. ಹಾಗಿರುವುದು ನನಗೆ ಸ್ವಲ್ಪವೂ ಹಿತವಾಗಿಲ್ಲ.

ಪ್ರತಿ ಕಾಗದ ಕೊಡುವಾಗಲೂ ಅವಳದು ಒಂದು ಹೊಸ ಅಭ್ಯಾಸ. ಯಂತ್ರದ ಕಡತದ ನಕಲು ತರಿಸಿಕೊಂಡು, ಅಂಕಿಗೆ ಅಂಕಿ ಬೆರಳಿಟ್ಟು ತಾಳೆ ನೋಡಿಯೇ ಕೊಡುತ್ತಿದ್ದಳು. ಸಾಲು ಬಾಗಿಲ ತನಕ ಬೆಳೆಯುತ್ತಿತ್ತು. ಜನ ಗೊಣಗುತ್ತಿದ್ದರು, ನಾನೂ ಗೊಣಗಿದೆ. ಕೇಳಿಸಿಕೊಳ್ಳಲಿಲ್ಲ.

ಮೂರು ವಾರ ಹೀಗೇ ಹೋಯಿತು. ನಾಲ್ಕನೆಯ ಸೋಮವಾರ ಸಾಲಿನಲ್ಲಿ ಆಸ್ಪತ್ರೆಯ ನಿಲುವಂಗಿ ತೊಟ್ಟು, ಮೇಲೊಂದು ಶಾಲು ಹೊದ್ದ ದೊಡ್ಡಕ್ಕ ನಿಂತಿದ್ದರು. ಒಳರೋಗಿಗಳ ಕಾಗದ ವಾರ್ಡಿಗೇ ಹೋಗುತ್ತದೆ, ಅವರು ಬರಬೇಕಾಗಿರಲಿಲ್ಲ. ನನ್ನದು ಕೊಡಬೇಡಿ, ಕೆಳಗೆ ಹೋಗಿ ಇಸಿದುಕೊಳ್ಳುತ್ತೇನೆ ಎಂದು ನರ್ಸಿಗೆ ಹೇಳಿ ಬಂದಿದ್ದರಂತೆ. ಮುಂದೆ ಒಂಬತ್ತು ಜನ ಇದ್ದರು. ನಾನು ಎದ್ದು ಕರೆಯಲು ಹೋದೆ, ಬೇಡ ಎಂದು ಕೈ ಆಡಿಸಿದರು. ಗೋಡೆಗೆ ಒರಗಿ, ಎಲ್ಲರ ಹಾಗೆ ಸರದಿಯಲ್ಲಿ ಬಂದು, ಟೋಕನ್ ಒಳಗೆ ಸರಿಸಿದರು.

ನೇರಕ್ಕ ಕಾಗದ ತೆಗೆದಳು, ನಕಲಿನ ಜೊತೆ ತಾಳೆ ನೋಡಿದಳು. ಕೊಡಲು ಕೈ ಮುಂದೆ ಬರಲಿಲ್ಲ.

“ಕನ್ನಡಕ ಮೇಲೇ ಬಿಟ್ಟು ಬಂದಿದ್ದೀನಿ,” ಎಂದರು ದೊಡ್ಡಕ್ಕ. “ನೀನೇ ಓದು.”

ನೇರಕ್ಕ ಓದಿದಳು. “ಎರಡು. ಮೂರು. ಸೊನ್ನೆ. ಒಂದು. ಚುಕ್ಕೆ. ಎರಡು.”

ಔಷಧ ಹಿಡಿದಿರಲಿಲ್ಲ.

“ಮೊದಲಿಂದ ಓದಿದ್ಯಾ?”

“ಮೊದಲಿಂದಾನೇ ಅಕ್ಕ.”

“ಯಾವುದೂ ಬಿಟ್ಟಿಲ್ಲ ತಾನೆ?”

“ಯಾವುದೂ ಬಿಟ್ಟಿಲ್ಲ.”

ದೊಡ್ಡಕ್ಕ ತಲೆಯಾಡಿಸಿದರು. ಕಾಗದ ಇಸಿದುಕೊಂಡು, ಬಟ್ಟೆ ಮಡಿಸುವವರ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿದರು. “ಚಿಕ್ಕಿ,” ಎಂದರು. ಮನೆಯಲ್ಲಿ ಮಾತ್ರ ಕರೆಯುವ ಹೆಸರದು, ನಾನು ಕೇಳಿದ್ದು ಅದೇ ಮೊದಲು. “ಮುಂದಿನ ವಾರಾನೂ ನೀನೇ ಓದು. ಬೇರೆಯವರು ಓದೋದು ಬೇಡ.”

ಆಮೇಲೆ ಎರಡು ವಾರ ಅವಳೇ ಓದಿದಳು. ಮೂರನೆಯ ಸೋಮವಾರಕ್ಕೆ ದೊಡ್ಡಕ್ಕ ಇರಲಿಲ್ಲ.